ಓದುಗರ ಪ್ರಶ್ನೆ: 5 ಸಾವಿರದಲ್ಲಿ ಮನೆ ಸ್ಟೀರಿಯೊ ಎಷ್ಟು ಸುಧಾರಿಸೀತು?

ಪ್ರಶ್ನೆ: ನಮ್ಮ ಪಡಸಾಲೆ 12 ಅಡಿಗೆ 14 ಅಡಿ. ಮೇಲೆ ಆರ್‌ಸಿಸಿ, ಕೆಳಗೆ ಪರಸಿ ಕಲ್ಲು. 4 ಇಂಚಿನ ವೂಫರ್ (ಬೇಸ್ ದನಿಯ ಸ್ಪೀಕರ್) ಇರುವ ಎರಡು ಬಾಕ್ಸ್ ಶೋಕೇಸ್ ಮೇಲಿವೆ, ಆಂಪ್ಲಿಫೈಯರ್ ಅಂಗಡಿಯಲ್ಲಿ ಕಟ್ಟಿಸಿದ್ದು. ತತ್ವಪದ ಹಾಕಿದರೆ ದನಿ ಜೋರಾಗೇ ಬರುತ್ತದೆ, ಪದ ಮಾತ್ರ ತಿಳಿಯುವುದಿಲ್ಲ. 5000 ವಾಟ್‌ನ ಹೊಸ ಆಂಪ್ ತಗೊಳ್ಳಿ ಅನ್ನುತ್ತಾರೆ. ಕೈಯಲ್ಲಿರುವುದು 5 ಸಾವಿರ ರೂಪಾಯಿ.
– ಓದುಗರು, ಸಿಂಧನೂರು

ಉತ್ತರ: ಆಂಪ್ ಕೊಳ್ಳಬೇಡಿ. ತೊಂದರೆ ಕೋಣೆಯದ್ದು. ಸುತ್ತ ಬರೀ ಕಲ್ಲು, ಸಿಮೆಂಟ್. ಒಂದು ಅಕ್ಷರದ ಮಾರ್ದನಿ ಇಳಿಯುವ ಮುಂಚೆಯೇ ಮುಂದಿನದು ಬಂದು ಅದರ ಮೇಲೆ ಬೀಳುತ್ತದೆ. ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. ಹಿಂದೆಯೇ ‘ಝಣ್’ ಅಂದರೆ ಇದೇ ರೋಗ. ವಾಲ್ಯೂಮ್ ಏರಿಸಿದಷ್ಟೂ ಗದ್ದಲವೂ ಏರುತ್ತದೆ.

ಬಾಕ್ಸ್‌ಗಳನ್ನು ಶೋಕೇಸ್‌ನಿಂದ ಇಳಿಸಿ. ನೀವು ಕೂತಾಗ ಟ್ವೀಟರ್, ಅಂದರೆ ಚೂಪು ದನಿಯ ಚಿಕ್ಕ ಸ್ಪೀಕರ್, ಕಿವಿಯ ಮಟ್ಟಕ್ಕಿರಬೇಕು. ಕುರ್ಚಿಯಾದರೆ ನೆಲದಿಂದ ಮೂರಡಿಗೆ ತುಸು ಮೇಲೆ. ಸ್ಟ್ಯಾಂಡ್‌ಗೆ ಸಿಮೆಂಟ್ ಬ್ಲಾಕ್, ಅದರ ಮೇಲೊಂದು ಗ್ರಾನೈಟ್ ತುಂಡು ಸಾಕು. ಕಲ್ಲಿಗೂ ಬಾಕ್ಸ್‌ಗೂ ನಡುವೆ, ನಾಲ್ಕು ಮೂಲೆಗೆ ಹಳೇ ಸೈಕಲ್ ಟ್ಯೂಬಿನ ಚೂರು ಇಡಿ. ಬಾಕ್ಸಿಂದ ಬಾಕ್ಸಿಗೆ 6 ಅಡಿ, ಪ್ರತಿ ಬಾಕ್ಸಿಂದ ನಿಮಗೂ ಅಷ್ಟೇ ಅಥವಾ ಅರ್ಧ ಅಡಿ ಹೆಚ್ಚು. ಹಿಂದಿನ ಗೋಡೆಯಿಂದ ಒಂದೂವರೆ ಅಡಿ ಮುಂದಿರಲಿ. ಮೂಲೆಗೆ ಒತ್ತಿದರೆ ಬೇಸ್ ಉಬ್ಬಿ ಮಾತನ್ನು ನುಂಗುತ್ತದೆ.

ಆಮೇಲೆ ಕೌದಿ. ನೀವು ನಿಮ್ಮ ಜಾಗದಲ್ಲಿ ಕೂತಿರಿ, ಇನ್ನೊಬ್ಬರು ಪಕ್ಕದ ಗೋಡೆಗೆ ಕನ್ನಡಿ ಹಿಡಿದು ಸರಿಸುತ್ತ ಹೋಗಲಿ. ಕನ್ನಡಿಯಲ್ಲಿ ಟ್ವೀಟರ್ ಎಲ್ಲಿ ಕಾಣುತ್ತದೋ ಅಲ್ಲಿಂದಲೇ ದನಿ ಸಿಡಿದು ನಿಮ್ಮ ಕಿವಿಗೆ ಬರುತ್ತಿದೆ. ದಪ್ಪ ಕೌದಿಯನ್ನು ಎರಡು ಮಡಿಕೆ ಮಾಡಿ, ಗೋಡೆಯಿಂದ ಎರಡು ಇಂಚು ಬಿಟ್ಟು, ಅಲ್ಲಿ ತೂಗುಹಾಕಿ. ಎರಡೂ ಪಕ್ಕಕ್ಕೊಂದೊಂದು, ನಿಮ್ಮ ಬೆನ್ನ ಹಿಂದೊಂದು. ಪರಸಿ ಮೇಲೆ, ನಿಮಗೂ ಬಾಕ್ಸಿಗೂ ನಡುವೆ, ಕಂಬಳಿ ಅಥವಾ ಜಮಖಾನ ಹಾಸಿ. ಕೌದಿ ಬೇಸನ್ನು ಹೀರುವುದಿಲ್ಲ, ತೆಳು ಸೀರೆ ಏನನ್ನೂ ಹೀರುವುದಿಲ್ಲ. ಗೋಡೆಗೆ ಮೊಟ್ಟೆ ಟ್ರೇ ಅಂಟಿಸುವುದು ಬರೀ ಅಲಂಕಾರ, ಅದೂ ಚೆಂದದ್ದಲ್ಲ.

ಇನ್ನು ಆ 5000 ವಾಟ್. ಆಂಪ್ ಒಳಗಿನ ಟ್ರಾನ್ಸ್‌ಫಾರ್ಮರ್ ನೋಡಿ. 12 ವೋಲ್ಟ್, 3 ಆಂಪಿಯರ್ ಅಂದರೆ ಗುಣಿಸಿದರೆ 36 ವಾಟ್. ಕೊಡದಲ್ಲಿ ಇಲ್ಲದ್ದು ತಂಬಿಗೆಗೆ ಬರುವುದಿಲ್ಲ. ನಿಜವಾಗಿ ವಾಟ್ ಇಮ್ಮಡಿ ಮಾಡಿದರೂ ಕಿವಿಗೆ ಸಿಗುವುದು 3 ಡೆಸಿಬಲ್, ಅಂದರೆ ತುಸುವೇ ಜೋರು. ಕೋಣೆ ಸರಿಮಾಡಿ ಉಳಿದ ದುಡ್ಡನ್ನು ಸ್ಪೀಕರ್‌ಗೇ ಇಡಿ.

ಪ್ರಶ್ನೆ: ಆಂಪ್ ಹಾಕಿದೊಡನೆ ‘ಗುಂಯ್’ ಅನ್ನುತ್ತದೆ. ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ನಡೆದರೆ ‘ಜಿರ್ರ್’ ಅಂತ ಬೇರೆಯೇ ಸದ್ದು.
– ಓದುಗರು, ಗಂಗಾವತಿ

ಉತ್ತರ: ಎರಡಕ್ಕೂ ಕಾರಣ ಬೇರೆ. ಮೊದಲನೆಯದಕ್ಕೆ ಆಂಪ್‌ಗೆ ಸೇರಿದ ಇನ್‌ಪುಟ್ ಪಿನ್‌ಗಳನ್ನೆಲ್ಲ ಕಿತ್ತು ಕೇಳಿ. ಗುಂಯ್ ನಿಂತರೆ ದೋಷ ಹೊರಗಿದೆ: ಹರಿದ ಶೀಲ್ಡ್ ವೈರ್ (ಜಾಲರಿ ಹೊದಿಕೆಯ ಇನ್‌ಪುಟ್ ವೈರ್), ಇಲ್ಲವೇ ಟಿವಿ ಕೇಬಲ್ ಮೂಲಕ ಬರುವ ಗ್ರೌಂಡ್ ಲೂಪ್, ಅಂದರೆ ಅರ್ಥ್‌ಗೆ ಎರಡು ದಾರಿಯಾಗಿ ಸುತ್ತುವ ಕರೆಂಟ್. ಸೆಟ್‌ಟಾಪ್ ಬಾಕ್ಸಿನ ಕೇಬಲ್ ಬಿಚ್ಚಿದಾಗ ಸದ್ದು ಹೋದರೆ ಅದೇ ಖಾತ್ರಿ. ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿ. ಇದಕ್ಕೆಂದು ಪ್ಲಗ್ಗಿನ ಅರ್ಥ್ ಪಿನ್ ಮುರಿಯುವವರಿದ್ದಾರೆ. ಸದ್ದು ಹೋದೀತು, ಆದರೆ ಒಳಗೆ ವೈರ್ ತಾಗಿದ ದಿನ ಡಬ್ಬಿ ಮುಟ್ಟಿದವರಿಗೆ ಶಾಕ್.

ಪಿನ್ ಕಿತ್ತರೂ ಗುಂಯ್ ಉಳಿದು, ವಾಲ್ಯೂಮ್ ತಿರುಗಿಸಿದರೂ ಬದಲಾಗದಿದ್ದರೆ ಕರೆಂಟಿನ ಏರಿಳಿತ ಸಮಮಾಡುವ ಫಿಲ್ಟರ್ ಕೆಪಾಸಿಟರ್ ಒಣಗಿದೆ. ಶಾಖ 10 ಡಿಗ್ರಿ ಏರಿದರೆ ಅದರ ಆಯಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ. ನಮ್ಮ ಬೇಸಿಗೆಯಲ್ಲಿ ಮುಚ್ಚಿದ ಡಬ್ಬಿಯೊಳಗಿನ ಪಾಡು ಊಹಿಸಿ. 2200 ಮೈಕ್ರೊಫ್ಯಾರಡ್ ಇದ್ದಲ್ಲಿ 4700 ಹಾಕಿಸಿ. 85 ಡಿಗ್ರಿಯದಲ್ಲ, 105 ಡಿಗ್ರಿಯದೇ ಕೇಳಿ. ವೋಲ್ಟ್ ಮೊದಲಿದ್ದುದಕ್ಕಿಂತ ಕಡಿಮೆ ಬೇಡ, ಪ್ಲಸ್ ಮೈನಸ್ ತಿರುಗಿಸಿದರೆ ಸಿಡಿಯುತ್ತದೆ.

ಎರೆ ಭೂಮಿಯಾದರೆ ಇನ್ನೊಂದು ಮಾತು: ಬೇಸಿಗೆಯಲ್ಲಿ ಮಣ್ಣು ಬಿರಿದು ಅರ್ಥಿಂಗ್ ಪೈಪಿನಿಂದ ದೂರ ಸರಿಯುತ್ತದೆ, ಅರ್ಥ್ ಸರಿಯಾಗಿ ಸಿಗುವುದಿಲ್ಲ. ಆಗಾಗ ಎರಡು ಕೊಡ ನೀರು ಹೊಯ್ಯಿರಿ.

ಇನ್ವರ್ಟರ್ ಸದ್ದಿಗೆ ಕಾರಣ ಅದರ ಸ್ಕ್ವೇರ್ ವೇವ್, ಅಂದರೆ ನಯವಾಗಿ ಏರಿಳಿಯದೆ ಚೌಕಾಕಾರದಲ್ಲಿ ಜಿಗಿಯುವ ಕರೆಂಟ್. 50 ಹರ್ಟ್ಸ್ ಜೊತೆಗೆ 150, 250, 350 ಹೀಗೆ ಮರಿಗಳೆಲ್ಲ ಬರುತ್ತವೆ, ಕೆಪಾಸಿಟರ್ ಬದಲಿಸಿದರೂ ಪೂರ್ತಿ ಹೋಗವು. ಸೈನ್ ವೇವ್ ಇನ್ವರ್ಟರ್ ಒಂದೇ ದಾರಿ, ಆದರೆ ಬರೀ ಹಾಡಿಗಾಗಿ ಅದನ್ನು ಕೊಳ್ಳುವುದು ಲೆಕ್ಕಕ್ಕೆ ಕೂಡುವುದಿಲ್ಲ.

ಪ್ರಶ್ನೆ: ವಾಲ್ಯೂಮ್ ತಿರುಗಿಸಿದರೆ ಕರಕರ. ಒಮ್ಮೊಮ್ಮೆ ಒಂದು ಬಾಕ್ಸ್ ಮೂಕ.
– ಓದುಗರು, ಸಂಡೂರು

ಉತ್ತರ: ಕೆಂಪು ಧೂಳಿನ ಕೆಲಸ. ಪ್ಲಗ್ ಕಿತ್ತು, ಮುಚ್ಚಳ ತೆಗೆದು, ವಾಲ್ಯೂಮ್ ಪಾಟ್‌ನ (ಗುಂಡಿಯ ಹಿಂದಿನ ಬಿಡಿಭಾಗದ) ಕಾಲುಗಳ ಮೇಲಿನ ಸಂದಿಗೆ ಕಾಂಟ್ಯಾಕ್ಟ್ ಕ್ಲೀನರ್ ಒಂದೇ ಬಾರಿ ಹೊಡೆಯಿರಿ. ಈ ತುದಿಯಿಂದ ಆ ತುದಿಗೆ 30 ಸಲ ತಿರುಗಿಸಿ, ಕಾಲು ಗಂಟೆ ಬಿಟ್ಟು ಹಾಕಿ. ಹೊಲಿಗೆ ಯಂತ್ರದ ಎಣ್ಣೆ ಬೇಡ, ಧೂಳನ್ನು ಕರೆದು ಕೂರಿಸುತ್ತದೆ. ಆಗಲೂ ಕರಕರ ಇದ್ದರೆ ಪಾಟ್ ಸವೆದಿದೆ. ಹಳೆಯದನ್ನೇ ಅಂಗಡಿಗೆ ಒಯ್ದು, ಅದರ ಮೇಲಿನ ಅಂಕಿಯದೇ ಡಬಲ್ ಪಾಟ್ (ಎರಡು ಬಾಕ್ಸ್‌ಗೂ ಒಂದೇ ಗುಂಡಿಯದು) ತನ್ನಿ. ಲಾಗ್ (ದನಿ ಕಿವಿಗೆ ಹದವಾಗಿ ಏರುವ ಬಗೆ) ಬದಲು ಲೀನಿಯರ್ (ತಡೆ ಒಂದೇ ಸಮ ಬದಲಾಗುವ ಬಗೆ) ಕೊಟ್ಟರೆ ಗುಂಡಿ ತುಸು ತಿರುಗಿಸುವಷ್ಟರಲ್ಲೇ ದನಿ ಒಮ್ಮೆಲೇ ಏರುತ್ತದೆ.

ಮೂಕ ಬಾಕ್ಸ್‌ಗೆ: ಇನ್‌ಪುಟ್‌ನ ಕೆಂಪು, ಬಿಳಿ ಪಿನ್ ಅದಲುಬದಲು ಮಾಡಿ. ಮೌನ ಇನ್ನೊಂದು ಬಾಕ್ಸ್‌ಗೆ ಹೋದರೆ ತಪ್ಪು ಪಿನ್ನಿನದು, ಇಲ್ಲವೇ ಹಾಡು ಹಾಕುವ ಫೋನಿನದು. ಅಲ್ಲೇ ಉಳಿದರೆ ಆಂಪ್ ಅಥವಾ ಬಾಕ್ಸಿನದು.

ಪ್ರಶ್ನೆ: ದುಬಾರಿ ಸ್ಪೀಕರ್ ವೈರ್ ಬೇಕೇ?
– ಓದುಗರು, ಕುಷ್ಟಗಿ

ಉತ್ತರ: ಬೇಡ. ಮನೆ ವೈರಿಂಗಿನ 1.5 ಚದರ ಮಿಲಿಮೀಟರ್ ತಾಮ್ರದ ವೈರ್ 5 ಮೀಟರ್ ಎಳೆದರೆ, ಹೋಗಿಬರುವ ಒಟ್ಟು ತಡೆ ಸುಮಾರು 0.12 ಓಮ್. 8 ಓಮ್ ಸ್ಪೀಕರ್‌ಗೆ ಅದು ಲೆಕ್ಕಕ್ಕೇ ಇಲ್ಲ. ಆದರೆ ಪ್ಲಸ್ ಮೈನಸ್ ತಪ್ಪಬಾರದು: ಒಂದು ಬಾಕ್ಸ್‌ಗೆ ತಿರುವುಮುರುವು ಕೊಟ್ಟರೆ ಬೇಸ್ ಕರಗಿ, ಹಾಡುವವರು ನಡುವೆ ನಿಲ್ಲದೆ ಕೋಣೆ ತುಂಬ ಚದುರುತ್ತಾರೆ. ಅನುಮಾನವಿದ್ದರೆ ಆಂಪ್‌ನಿಂದ ವೈರ್ ಬಿಡಿಸಿ, 1.5 ವೋಲ್ಟ್ ಸೆಲ್ಲನ್ನು ಕ್ಷಣ ಮಾತ್ರ ಮುಟ್ಟಿಸಿ. ವೂಫರ್ ಹೊರಗೆ ಜಿಗಿದರೆ, ಸೆಲ್ಲಿನ ಪ್ಲಸ್ ತಾಗಿದ ವೈರೇ ಕೆಂಪು ಟರ್ಮಿನಲ್‌ಗೆ.