ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ರೀಜನಲ್ ಡಿಸ್ಟ್ರಿಕ್ಟ್ ಅಂದರೆ ನಮ್ಮ ಜಿಲ್ಲಾ ಪಂಚಾಯಿತಿಯೇ?

ಓಕನಾಗನ್ ಕಣಿವೆಯಲ್ಲಿ ಊರಾಚೆ ಮನೆ ನೋಡಿದ್ದೀರಿ, ಅಲ್ಲಿ ಸಿಟಿ ಕೌನ್ಸಿಲ್ ಇಲ್ಲ, ನಗರಗಳೂ ಊರಾಚೆಯ ಪ್ರದೇಶಗಳೂ ಸೇರಿ ಸೇವೆಗಳನ್ನು ನಡೆಸುವ ರೀಜನಲ್ ಡಿಸ್ಟ್ರಿಕ್ಟ್ ಮಾತ್ರ. ಇದು ನಮ್ಮ ಜಿಲ್ಲಾ ಪಂಚಾಯಿತಿಯಂಥದ್ದೇ ಎಂದು ಕೇಳಿದ್ದೀರಿ. ನಾನಿರುವುದೂ ಅಂಥದೇ ಜಾಗದಲ್ಲಿ. ಹೆಸರು ಹತ್ತಿರ, ನಡೆಯುವ ರೀತಿ ಪೂರಾ ಬೇರೆ.

ಜಿಲ್ಲಾ ಪಂಚಾಯಿತಿಗೆ ದುಡ್ಡು ಬಹುಪಾಲು ಮೇಲಿನಿಂದ ಇಳಿದು ಬರುತ್ತದೆ. ಇಲ್ಲಿ ಸೇವೆಗೊಂದು ಲೆಕ್ಕ. ಯಾವ ಊರುಗಳು ಒಂದು ಸೇವೆಯಲ್ಲಿ ಸೇರಿವೆಯೋ ಅದರ ಖರ್ಚು ಅವುಗಳದ್ದೇ. 911 (ತುರ್ತು ಕರೆ), ಕಸ ನಿರ್ವಹಣೆಯಂಥವು ದೊಡ್ಡ ಪ್ರದೇಶಕ್ಕೆ. ಒಂದು ಬಡಾವಣೆಯ ನೀರು, ಬೀದಿದೀಪ ಆ ಬಡಾವಣೆಗಷ್ಟೇ.

ಆದ್ದರಿಂದ ಮುಂಗಡ ಕೊಡುವ ಮೊದಲು ಮಾರುವವರ ಹತ್ತಿರ ತೆರಿಗೆ ನೋಟಿಸ್ ಕೇಳಿ ಪಡೆಯಿರಿ. ಊರಾಚೆಯ ಮನೆಗಳಿಗೆ ಅದನ್ನು ಕಳಿಸುವುದು ಪ್ರಾಂತ್ಯ ಸರ್ಕಾರ. ಅಗ್ನಿಶಾಮಕ ಸೇವೆಯ ಬಾಬ್ತು ಇದೆಯೇ ಎಂದು ಮೊದಲು ಹುಡುಕಿ. ಆ ಸೇವೆಯ ಗಡಿ ರಸ್ತೆಯ ಒಂದು ಬದಿಗೇ ಮುಗಿದಿರಬಹುದು, ಎದುರು ಮನೆ ಹೊರಗೆ ಉಳಿದಿರಬಹುದು. ಹೊರಗಿದ್ದರೆ ತೆರಿಗೆ ಕಡಿಮೆ, ಆದರೆ ವಿಮೆ ದುಬಾರಿ. ಬೇಸಿಗೆಯಲ್ಲಿ ಕಾಡ್ಗಿಚ್ಚು ಏಳುವ ಈ ಕಣಿವೆಯಲ್ಲಿ ಅಂಥ ಉಳಿತಾಯ ಬೇಡವೇ ಬೇಡ. ಇನ್ನು ರಸ್ತೆಯ ಹಿಮ ತೆಗೆಸಲು ಡಿಸ್ಟ್ರಿಕ್ಟ್ ಆಫೀಸಿಗೆ ಫೋನ್ ಮಾಡಿ ಪ್ರಯೋಜನವಿಲ್ಲ, ಅದು ಪ್ರಾಂತ್ಯದ ಸಾರಿಗೆ ಇಲಾಖೆಯ ಗುತ್ತಿಗೆದಾರರ ಕೆಲಸ.

1965ರಲ್ಲಿ ಕಾನೂನು ತಂದು ಈ ವ್ಯವಸ್ಥೆ ಕಟ್ಟಿದರು. ಈಗ 27 ಡಿಸ್ಟ್ರಿಕ್ಟುಗಳಿವೆ. ಅದಕ್ಕೂ ಮೊದಲು ನಗರದ ಹೊರಗಿನ ಬಹುಪಾಲು ಜನರಿಗೆ ತಮ್ಮದೆನ್ನುವ ಪೂರ್ಣ ಸ್ಥಳೀಯ ಆಡಳಿತ ಇರಲಿಲ್ಲ. ಡಿಸ್ಟ್ರಿಕ್ಟನ್ನು ನಡೆಸುವ ಬೋರ್ಡಿನಲ್ಲಿ ನಗರಗಳ ಪರವಾಗಿ ಅವುಗಳ ಕೌನ್ಸಿಲ್ ನೇಮಿಸಿದ ಡೈರೆಕ್ಟರುಗಳು ಕೂರುತ್ತಾರೆ, ನಮ್ಮಂಥ ಎಲೆಕ್ಟೋರಲ್ ಏರಿಯಾದ (ನಗರಗಳ ಹೊರಗಿನ ಪ್ರದೇಶದ) ಡೈರೆಕ್ಟರುಗಳನ್ನು ನಾಲ್ಕು ವರ್ಷಕ್ಕೊಮ್ಮೆ ಜನರೇ ಆರಿಸುತ್ತಾರೆ. ಹಲವು ವಿಷಯಗಳಲ್ಲಿ ಡೈರೆಕ್ಟರಿಗೊಂದು ಮತ. ಬಜೆಟ್ ಬಂದಾಗ ಜನಸಂಖ್ಯೆಗೆ ತಕ್ಕ ತೂಕ: 4,000 ಜನಕ್ಕೊಂದು ಮತವೆಂದು ನಿಗದಿಯಾಗಿದ್ದರೆ, 30,000 ಜನರ ಊರಿಗೆ 8 ಮತ. ಒಬ್ಬ ಡೈರೆಕ್ಟರ್ 5ಕ್ಕಿಂತ ಹೆಚ್ಚು ಹಾಕುವಂತಿಲ್ಲ, ಹಾಗಾಗಿ ಆ ಊರಿಗೆ ಇಬ್ಬರು. ಒಂದು ಸೇವೆಯನ್ನು ನಡೆಸುವ ವಿಚಾರಕ್ಕಾದರೆ ಅದರಲ್ಲಿ ಪಾಲುಳ್ಳವರಷ್ಟೇ ಮತ ಹಾಕುತ್ತಾರೆ. ದುಡ್ಡು ಕೊಡದವರು ಅಲ್ಲಿ ಕೈಯೆತ್ತುವ ಹಾಗಿಲ್ಲ. ನನಗೆ ಈ ವ್ಯವಸ್ಥೆಯಲ್ಲಿ ತುಂಬ ಹಿಡಿಸಿದ್ದು ಇದೇ. ದೊಡ್ಡ ನಗರದ ಪಕ್ಕದಲ್ಲಿದ್ದೂ ಸಣ್ಣ ಊರು ತನ್ನ ನೀರಿನ ವಿಚಾರದಲ್ಲಿ ತಾನೇ ಯಜಮಾನ.

ಹೊಸ ಸೇವೆಗೆ ಜನರ ಒಪ್ಪಿಗೆಯೂ ಬೇಕು. ಎಷ್ಟೋ ಸಲ ಅದನ್ನು ಕೇಳುವುದು ನೋಟಿಸಿನ ಮೂಲಕ: ವಿರೋಧವಿದ್ದವರು ಮಾತ್ರ ಫಾರಂ ತುಂಬಿ ಕೊಡಬೇಕು. ಶೇ. 10ರಷ್ಟು ಮತದಾರರು ಕೊಟ್ಟರೆ, ಜನಮತ ತೆಗೆದುಕೊಳ್ಳದೆ ಬೋರ್ಡ್ ಮುಂದೆ ಹೋಗುವಂತಿಲ್ಲ. ಸುಮ್ಮನಿದ್ದರೆ ಒಪ್ಪಿದಂತೆ, ಆದ್ದರಿಂದ ಆ ನೋಟಿಸುಗಳನ್ನು ಬಿಡದೆ ಓದಿ. ಪಿ.ಆರ್. (ಕಾಯಂ ವಾಸದ ಪರವಾನಗಿ) ಮಾತ್ರ ಇರುವವರಿಗೆ ಇಲ್ಲಿ ಮತವಿಲ್ಲ, ಪೌರತ್ವವೇ ಬೇಕು. ಆದರೆ ಬೋರ್ಡ್ ಸಭೆಗೆ ಹೋಗಿ ಕೂರಬಹುದು, ಏರಿಯಾ ಡೈರೆಕ್ಟರಿಗೆ ಫೋನ್ ಮಾಡಬಹುದು. ಮನೆ ಕೊಳ್ಳುವ ಮೊದಲೇ ಮಾಡಿ.