ಎರಡು ಲೋಟ ನೀರು, ಒಂದು ಚಮಚ ಸಕ್ಕರೆ

ಹೆರಿಗೆಯಾಗಿ ಆರು ದಿನ, ದಾವಣಗೆರೆಯ ಈ ಬಿಸಿಲಿನಲ್ಲಿ ಅತ್ತೆಯವರು ದಿನಕ್ಕೆ ಎರಡೇ ಲೋಟ ನೀರು ಕೊಡುತ್ತಾರೆ, ಹಾಲು ಸಾಲದೆಂದು ಕೂಸಿಗೆ ಸಕ್ಕರೆ ನೀರು ಹಾಕು ಎನ್ನುತ್ತಾರೆ, ಏನು ಮಾಡಲಿ ಎಂದು ಕೇಳಿದ್ದೀರಿ. ಎರಡನ್ನೂ ಒಪ್ಪಬೇಡಿ. ಬಾಯಾರಿದಾಗಲೆಲ್ಲ ಕುಡಿಯಿರಿ, ಜೀರಿಗೆ ಹಾಕಿ ಕಾಯಿಸಿದ ನೀರಾದರೆ ಅತ್ತೆಯವರಿಗೂ ಸಮಾಧಾನ. ನನ್ನ ಬಾಣಂತನದಲ್ಲಿ ಅಮ್ಮ ಅಜ್ಜಿಯ ಕಣ್ಣು ತಪ್ಪಿಸಿ ಮಂಚದ ಕೆಳಗೆ ನೀರಿನ ಚೊಂಬು ಇಟ್ಟು ಹೋಗುತ್ತಿದ್ದರು!

ಹಾಲು ಸಾಲುತ್ತಿದೆಯೇ ಎಂಬುದನ್ನು ಅಳುವಿನಿಂದ ಅಳೆಯಬೇಡಿ, ಒದ್ದೆ ಬಟ್ಟೆ ಎಣಿಸಿ. ಈ ಹೊತ್ತಿಗೆ ದಿನಕ್ಕೆ ಆರು ಬಾರಿಯಾದರೂ ಮೂತ್ರ ಹೋಗಬೇಕು. ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿಯುವುದು ಸಹಜ, ಎರಡು ವಾರದೊಳಗೆ ಅದು ಮರಳಬೇಕು. ಹಗಲು ರಾತ್ರಿ ಸೇರಿ 8ರಿಂದ 12 ಬಾರಿ ಕುಡಿಸಿ. ಹೀರಿದಷ್ಟೂ ಹಾಲು ಊರುತ್ತದೆ. ಸಕ್ಕರೆ ನೀರಿನಿಂದ ಹೊಟ್ಟೆ ತುಂಬಿದ ಕೂಸು ಹೀರುವುದನ್ನೇ ಕಡಿಮೆ ಮಾಡುತ್ತದೆ. ತೊಟ್ಟನ್ನಷ್ಟೇ ಬಾಯಿಗಿಡಬೇಡಿ. ಬಾಯಿ ಅಗಲವಾಗಿ ತೆರೆದು, ಕೆಳತುಟಿ ಹೊರಕ್ಕೆ ಮಡಚಿ, ಗದ್ದ ಎದೆಗೆ ತಾಗಿರಬೇಕು. ಆಗ ನುಂಗುವ ಸಣ್ಣ ಸದ್ದು ನಿಮಗೇ ಕೇಳಿಸುತ್ತದೆ.

ಆಶಾ ಕಾರ್ಯಕರ್ತೆ 7ನೇ ದಿನ ಮನೆಗೆ ಬರಬೇಕು. ಅತ್ತೆಯವರ ಎದುರೇ ಕೂಸಿನ ತೂಕ ಮಾಡಿಸಿ, ಸಕ್ಕರೆ ನೀರು ಬೇಡವೆಂಬ ಮಾತನ್ನು ಆ ಕಾರ್ಯಕರ್ತೆಯ ಬಾಯಿಂದಲೇ ಹೇಳಿಸಿ. ಮಗು ಕುಡಿಯಲೂ ಏಳದಷ್ಟು ಮಂಕಾದರೆ, ಮೈ ಸುಡುವಷ್ಟು ಬಿಸಿಯಾದರೆ ಅಥವಾ ತಣ್ಣಗಾದರೆ, ಅಂಗಾಲಿನವರೆಗೂ ಹಳದಿ ಇಳಿದರೆ, ನಿಮಗೆ ಜ್ವರ ಬಂದರೆ ಇಲ್ಲವೇ ಗಂಟೆಗೊಂದು ಪ್ಯಾಡ್ ನೆನೆಯುವಷ್ಟು ರಕ್ತ ಹೋದರೆ ಕಾಯಬೇಡಿ. 108ಕ್ಕೆ ಕರೆ ಮಾಡಿ ಚಿಗಟೇರಿ ಜಿಲ್ಲಾಸ್ಪತ್ರೆಗೆ ಹೊರಡಿ.