ಒಣಗಿದ ಗೌರಿ ಹೂವಿನ ಬಳ್ಳಿ ಸತ್ತಿದೆಯೇ?
ಕುಂಡದ ಗೌರಿ ಹೂವಿನ ಬಳ್ಳಿ ಒಣಗಿದೆ, ಮಗಳಿಗೆ ಅದರ ಹೂ ತೋರಿಸಬೇಕಿತ್ತು, ಸತ್ತೇ ಹೋಯಿತಾ ಅಂತ ಕೇಳಿದ್ದೀರಿ. ಬಳ್ಳಿ ಸತ್ತಿರಲಾರದು, ಗೆಡ್ಡೆ ನಿದ್ದೆಗೆ ಹೋಗಿದೆ ಅಷ್ಟೆ. ಚಿಕ್ಕಂದಿನ ಚಿತ್ರಪುಸ್ತಕದ ಬೆಂಕಿ ಹೂವಿನ ಹಾಗಿದೆ ಅಂತ ನೀವು ತಂದ ಗೌರಿ ಹೂ ಮಳೆಗಾಲದ ಬಳ್ಳಿ. ನವೆಂಬರ್ ಹೊತ್ತಿಗೆ ಮೇಲಿನ ಭಾಗ ಒಣಗುವುದು ಸಹಜ. ಜುಲೈನಲ್ಲೇ ಹಳದಿಯಾಗಿದ್ದರೆ ಮಾತ್ರ ಗೆಡ್ಡೆ ಕೊಳೆತಿರಬಹುದು.

ಮೊದಲು ನೀರು ನಿಲ್ಲಿಸಿ. ಕಾಂಡ ಪೂರ್ತಿ ಒಣಗಿದ ಮೇಲೆ ಕೈಗವಸು ಹಾಕಿಕೊಂಡು, ಮಣ್ಣು ಸರಿಸಿ, ಗೆಡ್ಡೆಯನ್ನು ಮೆಲ್ಲಗೆ ಒತ್ತಿ ನೋಡಿ. ಗಟ್ಟಿಯಿದ್ದರೆ ಜೀವವಿದೆ. ಎಳೆಯಬೇಡಿ, ಸುಲಭವಾಗಿ ಮುರಿಯುತ್ತದೆ. ಮೊಳಕೆ ಬರುವುದು ಗೆಡ್ಡೆಯ ತುದಿಯಿಂದ, ತುದಿ ಹೋದರೆ ಆ ತುಂಡು ಚಿಗುರುವುದಿಲ್ಲ. ಕುಂಡವನ್ನು ಒಣ ಜಾಗದಲ್ಲಿಡಿ.

ಮೇ ಕೊನೆಗೆ ಗೆಡ್ಡೆಯನ್ನು ಅಗೆದು ತೆಗೆದು, ಮರಳು ಬೆರೆಸಿದ ಮಣ್ಣಿನಲ್ಲಿ, 2 ಇಂಚು ಆಳದಲ್ಲಿ, ಅಡ್ಡ ಮಲಗಿಸಿ ನೆಡಿ. ಮೊಳಕೆಗೆ ಕೆಲವು ವಾರ ಬೇಕು, ಸುಮ್ನೆ ಅಗೆದು ನೋಡಬೇಡಿ. ಎಲೆಯ ತುದಿಯೇ ಸುರುಳಿಯಾಗಿ ಹಿಡಿದುಕೊಂಡು ಹತ್ತುತ್ತದೆ, ತೆಳು ಕಡ್ಡಿ ಕೊಡಿ.

ಮಗಳಿಗೆ ಹೂ ತೋರಿಸಬೇಕು ಅಂದಿದ್ದೀರಿ ಅಲ್ವಾ? ಖಂಡಿತ ತೋರಿಸಿ, ಹಳದಿ ಎಸಳು ದಿನದಿನಕ್ಕೆ ಕೆಂಪಾಗುವುದು ಬಲು ಚೆಂದ. ಆದರೆ ಇಡೀ ಗಿಡ ವಿಷ, ಗೆಡ್ಡೆಯಲ್ಲಿ ಕೋಲ್ಚಿಸಿನ್ ಎಂಬ ವಿಷವಸ್ತು ಜಾಸ್ತಿ. ಗೆಣಸು ಅಂದುಕೊಂಡು ತಿಂದು ಜೀವ ಕಳೆದುಕೊಂಡವರಿದ್ದಾರೆ. ಅಗೆದ ಗೆಡ್ಡೆಯನ್ನು ಅಡುಗೆಮನೆಯಲ್ಲಿ ಇಡಲೇಬೇಡಿ.